ಪಕ್ಕದ ಸೀಟು

ಬ್ರೇಕಿನ ಮೇಲೆ ಕಾಲಿಟ್ಟುಕೊಂಡೂ ಅದನ್ನು ಒತ್ತದೆ ಇರುವುದೇ ತನ್ನ ಕಸುಬು ಎಂದು ಅವನಿಗೆ ಒಮ್ಮೊಮ್ಮೆ ಅನ್ನಿಸುವುದಿತ್ತು. ಹತ್ತೊಂಬತ್ತು ವರ್ಷದಿಂದ ಬೇರೆಯವರು ಓಡಿಸುವ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತಿದ್ದಾನೆ. ಕಲಿಸುವವನಿಗೆಂದೇ ಅಲ್ಲಿ ಜೋಡಿಸಿದ ಎರಡನೆಯ ಬ್ರೇಕು ಅವನ ಪಾದದಡಿಯಲ್ಲಿ ಸವೆದು ಸವೆದು, ಬೇರೆ ಯಾರ ಕಾಲಿಗೂ ಹೊಂದದ ಹಳೆ ಚಪ್ಪಲಿಯ ಹಾಗೆ ಒಂದೇ ಕಡೆ ನುಣುಪಾಗಿದೆ. ಎದುರಿನ ಗಾಜಿಗೆ ತನಗಾಗಿ ಅಂಟಿಸಿಕೊಂಡ ಅಂಗೈಯಗಲದ ಕನ್ನಡಿಯಲ್ಲಿ ಹಿಂದಿನ ರಸ್ತೆ ಸದಾ ಅವನಿಂದ ದೂರ ಸರಿಯುತ್ತಿರುತ್ತದೆ. "ಕನ್ನಡಿ ನೋಡಿ, ಕನ್ನಡಿ ನೋಡಿ" ಎಂದು ದಿನಕ್ಕೆ ನೂರು ಸಲ ಹೇಳುವುದರಿಂದ ಕಲಿಯಲು ಬಂದವರು ಅವನನ್ನು ಕನ್ನಡಿ ಮೇಷ್ಟ್ರು ಎನ್ನುತ್ತಾರೆ. ಮೊದಲು ಬೆನ್ನ ಹಿಂದೆ ಎನ್ನುತ್ತಿದ್ದರು, ಈಗ ಎದುರಿಗೇ. ಅವನಿಗೆ ಅದರಿಂದ ಬೇಸರವಿಲ್ಲ. ಬೇಸರವಿಲ್ಲ ಎಂದು ತೋರಿಸಿಕೊಳ್ಳಲು ಸ್ವಲ್ಪ ಹೆಚ್ಚೇ ನಗುತ್ತೇನೇನೋ ಎಂಬ ಅನುಮಾನ ಮಾತ್ರ ಇದೆ.

ಇವತ್ತು ಓಡಿಸುತ್ತಿದ್ದವರು ನರ್ಸಮ್ಮ. ನಲವತ್ತೇಳು ವರ್ಷ, ಇಪ್ಪತ್ತೈದು ವರ್ಷ ವಾರ್ಡಿನಲ್ಲಿ ನಿಂತು ನಿಂತು ಊದಿಕೊಂಡ ಕಾಲು. ಇನ್ನು ನಿಲ್ಲಲಾರೆ ಎಂದು, ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಅರ್ಜಿ ಹಾಕಿದ್ದರು. ಕೆಲಸ ಸಿಕ್ಕಿತ್ತು, ಆದರೆ ತಿಂಗಳು ಮುಗಿಯುವುದರೊಳಗೆ ಡ್ರೈವಿಂಗ್ ಲೈಸೆನ್ಸು ತಂದು ತೋರಿಸಬೇಕಿತ್ತು. ಎರಡು ಸಲ ಪರೀಕ್ಷೆಯಲ್ಲಿ ಬಿದ್ದಿದ್ದರು. ಮೂರನೆಯದು ಇವತ್ತು ಮಧ್ಯಾಹ್ನ ಮೂರೂವರೆಗೆ. ತಿಂಗಳು ಮುಗಿಯಲು ಉಳಿದದ್ದು ಇನ್ನೆರಡೇ ದಿನ.

"ಈ ಕೈ ಎಷ್ಟು ಜನಕ್ಕೆ ಸೂಜಿ ಚುಚ್ಚಿದೆ ಗೊತ್ತಾ ಮೇಷ್ಟ್ರೇ, ಒಂದಿನ ನಡುಗಿಲ್ಲ. ಈ ಸ್ಟೀರಿಂಗ್ ಹಿಡಿದ್ರೆ ಮಾತ್ರ ನಂಗೇ ಯಾರೋ ಸೂಜಿ ಹಾಕೋಕೆ ಬಂದಂಗಾಗುತ್ತೆ."

"ಕನ್ನಡಿ ನೋಡಿ."

"ನೋಡ್ದೆ. ಹಿಂದೆ ಲಾರಿ ಇದೆ. ಅವನ ಮುಖ ನೋಡಿದ್ರೆ ಮೊದಲು ಅವನಿಗೆ ಹಾಕ್ಬೇಕು ಅನ್ಸುತ್ತೆ."

ಅವನು ನಕ್ಕ. ಮುಂದೆ ಸಿಗ್ನಲ್ಲಿನಲ್ಲಿ ಕೆಂಪು ದೀಪ ಹತ್ತಿತು, ಕಾರು ನಿಧಾನವಾಯಿತು. ಗಾಜು ಮಸುಕಾಗಿದೆ, ಒರೆಸೋ ಬಟ್ಟೆ ಇದರಲ್ಲಿರುತ್ತಲ್ಲ, ಎನ್ನುತ್ತ ನರ್ಸಮ್ಮ ಒಂದು ಕೈ ಬಿಟ್ಟು ಅವನ ಮೊಣಕಾಲ ಮುಂದಿನ ಗೂಡಿನ ಕಡೆಗೆ ಚಾಚಿದರು. ಅವನ ಕಾಲು ಅವನನ್ನು ಕೇಳದೆ ಬ್ರೇಕನ್ನು ಒತ್ತಿಬಿಟ್ಟಿತು. ಇಬ್ಬರೂ ಮುಗ್ಗರಿಸಿದರು. ಹಿಂದಿನ ಲಾರಿಯವನು ಹಾರನ್ ಹೊಡೆದ.

"ಏನಾಯ್ತು? ನಾಯಿ ಬಂತಾ?"

"ಇಲ್ಲ. ಪರೀಕ್ಷೆಲಿ ಹೀಗೆ ಇದ್ದಕ್ಕಿದ್ದಂಗೆ ನಿಲ್ಲಿಸು ಅಂತಾರೆ. ಅಭ್ಯಾಸ ಮಾಡಿಸ್ದೆ."

ಹೇಳಿದ ಕೂಡಲೇ ಕಿವಿ ಬಿಸಿಯಾಯಿತು. ಸುಳ್ಳು ಹೇಳಬೇಕೆಂದು ಅವನೆಂದೂ ಯೋಚಿಸಿ ಹೇಳುವುದಿಲ್ಲ. ಬ್ರೇಕು ಒತ್ತಿದ ಹಾಗೆ ಅದು ತಾನಾಗಿ ಬಂದುಬಿಡುತ್ತದೆ. ಆ ಗೂಡಿನೊಳಗೆ, ಒರೆಸುವ ಬಟ್ಟೆಯ ಕೆಳಗೆ, ರಸ್ತೆ ನಿಯಮಗಳ ಹಳೆಯ ಪುಸ್ತಕದ ನಡುವೆ, ಮೂರು ಹಳದಿ ಲಕೋಟೆಗಳಿದ್ದವು. ಎರಡು ಒಡೆದವು, ಒಂದು ಒಡೆಯದ್ದು. ಮೂರನೆಯದನ್ನು ಹೆಂಡತಿ ಊಟದ ತಟ್ಟೆಯ ಪಕ್ಕದಲ್ಲಿ ಇಟ್ಟು, "ಪಕ್ಕದ ರಾಜ್ಯದಿಂದ ನಿಮಗೆ ಇಷ್ಟು ಪ್ರೀತಿಯಿಂದ ಕಾಗದ ಬರೆಯೋರು ಯಾರಪ್ಪಾ?" ಎಂದಿದ್ದಳು. ವಿಮೆಯವರು, ಎಂದಿದ್ದ. ಮೊದಲನೆಯದು ಹದಿನಾಲ್ಕು ದಿನದೊಳಗೆ ಎಂದಿತ್ತು, ಎರಡನೆಯದು ಕೊನೆಯ ಸೂಚನೆ ಎಂದಿತ್ತು. ಕೊನೆಯ ಸೂಚನೆಯ ನಂತರವೂ ಕಾಗದ ಬಂದದ್ದರಿಂದ, ಅವರು ಅಂದದ್ದೆಲ್ಲ ಹೀಗೇ, ಮಾತಿಗೆ ನಿಲ್ಲುವವರಲ್ಲ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ನಡುವೆ ಹೊಳೆಯಿದೆ, ಸೇತುವೆಯಿದೆ, ಸೇತುವೆಯ ನಟ್ಟನಡುವೆ ಎರಡು ರಾಜ್ಯಗಳ ಗಡಿಯ ಬಿಳಿ ಗೆರೆಯಿದೆ. ತಪ್ಪು ಜಾಗದಲ್ಲಿ ಕಾರು ನಿಲ್ಲಿಸಿದ್ದಕ್ಕೆ ಹಾಕಿದ ಒಂದು ದಂಡದ ಚೀಟಿ ಅಷ್ಟು ದೂರ ಈಜಿಕೊಂಡು ಬರುತ್ತದೆಯೇ? ಹಾಗೆ ಅಂದುಕೊಳ್ಳುತ್ತಿದ್ದವನು ಹಳದಿ ಗೆರೆಯ ಮೇಲೆ ಚಕ್ರದ ಅಂಚು ತಾಗಿದರೂ ಕಲಿಯುವವರಿಗೆ ಮೂರು ಸಲ ಮತ್ತೆ ನಿಲ್ಲಿಸಲು ಹೇಳುವ ಮನುಷ್ಯ. ತನ್ನ ಈ ಇನ್ನೊಂದು ಮುಖವನ್ನು ಅವನು ಎಲ್ಲೋ ರಸ್ತೆಯಲ್ಲಿ ಕಂಡ ಅಪರಿಚಿತನ ಮುಖದಂತೆ ನೋಡುತ್ತಿದ್ದ, ನೋಡಿ ಮರೆಯುತ್ತಿದ್ದ.

ದಂಡ ದೊಡ್ಡದೇನೂ ಆಗಿರಲಿಲ್ಲ. ಅವನನ್ನು ತಡೆದದ್ದು ಅದಲ್ಲ. ಚೀಟಿಯ ಕೆಳಗೆ, ಷರಾ ಎಂದು ಬಿಟ್ಟ ಜಾಗದಲ್ಲಿ, ದುಂಡು ಕೈಬರಹದ ಒಂದು ಸಾಲಿತ್ತು: ಸಮಯ ಒಂದು ಹತ್ತು; ಪಕ್ಕದ ಸೀಟಿನಲ್ಲಿದ್ದ ವ್ಯಕ್ತಿ, ಚಾಲಕ ಆಸ್ಪತ್ರೆಯೊಳಗೆ ಹೋಗಿದ್ದಾರೆ, ಈಗ ಬರುತ್ತಾರೆ ಎಂದು ತಿಳಿಸಿದರು.

ಅವತ್ತು, ಹೊಳೆಯಾಚೆಯ ಆಸ್ಪತ್ರೆಯಲ್ಲಿ, ಅಕ್ಕನ ಗಂಟಲಿನ ಆಪರೇಷನ್. ಹಿಂದಿನ ದಿನವೇ ಫೋನು ಮಾಡಿ, "ಎರಡು ಗಂಟೆಗೆ ಒಳಗೆ ಕರ್ಕೊಂಡು ಹೋಗ್ತಾರಂತೆ ಕಣೋ. ಅದಕ್ಕೆ ಮುಂಚೆ ಬಂದ್ಬಿಡು. ಆಮೇಲೆ ಯಾವ ದನಿ ಬರುತ್ತೋ, ಬರೋದೇ ಇಲ್ವೋ, ಡಾಕ್ಟರಿಗೂ ಗೊತ್ತಿಲ್ಲ. ನಿನ್ ಹತ್ರ ಒಂದಿಷ್ಟು ಮಾತಾಡೋದಿದೆ. ಬೈಯೋದೂ ಇದೆ" ಎಂದಿದ್ದಳು. ಆ ದನಿ! ಗ್ಯಾರೇಜಿನಲ್ಲಿ ದಿನವಿಡೀ ಕಾರು ತೊಳೆದು, ಸಂಜೆ ಶಾಲೆಯಲ್ಲಿ ತೂಕಡಿಸಿ ಮನೆಗೆ ಬಂದ ಮೇಲೆ ಅವನ ಕಣ್ಣು ಅಕ್ಷರದ ಮೇಲೆ ನಿಲ್ಲುತ್ತಿರಲಿಲ್ಲ. ಅಕ್ಕ ಪುಸ್ತಕ ಕಿತ್ತುಕೊಂಡು ತಾನೇ ಗಟ್ಟಿಯಾಗಿ ಓದುತ್ತಿದ್ದಳು; ಅವನು ಗೋಡೆಗೊರಗಿ ಅರೆನಿದ್ದೆಯಲ್ಲಿ ಕೇಳುತ್ತಿದ್ದ. ಪರೀಕ್ಷೆಯ ಹಾಲಿನಲ್ಲಿ ಪ್ರಶ್ನೆ ಓದಿದರೆ ಉತ್ತರ ಅಕ್ಕನ ದನಿಯಲ್ಲೇ ಬರುತ್ತಿತ್ತು, ತಪ್ಪು ಓದಿದ ಕಡೆ ಅವಳು "ತಡಿ, ತಡಿ" ಎಂದು ತಿದ್ದಿಕೊಂಡದ್ದೂ ಸೇರಿ. ಅವನು ಕಲಿತದ್ದೆಲ್ಲ ಕಣ್ಣಿನಿಂದ ಕಲಿತದ್ದಲ್ಲ. ಈಗಲೂ ಕಾರಿನಲ್ಲಿ ಯಾರಿಗಾದರೂ "ನಿಧಾನ, ನಿಧಾನ, ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ" ಎಂದಾಗ, ಇದು ತನ್ನ ಮಾತಲ್ಲ, ಅವಳದ್ದು ಎಂದು ಅವನಿಗೆ ಗೊತ್ತಾಗುತ್ತದೆ.

ಹನ್ನೆರಡೂ ಮುಕ್ಕಾಲಿಗೇ ಆಸ್ಪತ್ರೆಯ ಕೆಳಗಿನ ರಸ್ತೆಗೆ ಬಂದು ಕಾರು ನಿಲ್ಲಿಸಿದ್ದ. ಇಂಜಿನ್ ಆರಿಸಿದ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟ. ಕೈ ಅಲ್ಲೇ ಉಳಿಯಿತು. ಮೇಲೆ ಹೋದರೆ ಅವಳು ಮಾತಾಡುತ್ತಾಳೆ, ಅವನು ಕೇಳಬೇಕು, ಕೇಳುತ್ತಿರುವಾಗ ಇದು ಕೊನೆಯದಿರಬಹುದು ಎಂದು ಇಬ್ಬರಿಗೂ ಗೊತ್ತಿರುತ್ತದೆ, ಗೊತ್ತಿಲ್ಲದವರ ಹಾಗೆ ಮುಖ ಇಟ್ಟುಕೊಳ್ಳಬೇಕು. ಐದು ನಿಮಿಷ, ಎಂದುಕೊಂಡ. ಕಾರಿನೊಳಗೆ ತನಗೆ ಧೈರ್ಯವಿರುವ ಜಾಗ ಒಂದೇ ಎಂಬುದು ನೆನಪಾಯಿತೋ ಏನೋ, ಇಳಿದು, ಸುತ್ತಿಕೊಂಡು ಬಂದು, ಪಕ್ಕದ ಸೀಟಿನಲ್ಲಿ ಕೂತ. ಸವೆದ ಬ್ರೇಕಿನ ಮೇಲೆ ಪಾದವಿಟ್ಟ. ನಿಂತ ಕಾರಿನ ಬ್ರೇಕನ್ನು ಒತ್ತಿ ಹಿಡಿದು ಕೂತವನ ಮುಂದೆ, ಎಷ್ಟೋ ಹೊತ್ತಿನ ಮೇಲೆ, ಸಮವಸ್ತ್ರದ ಹೆಂಗಸೊಬ್ಬಳು ಬಾಗಿ ಗಾಜು ತಟ್ಟಿದಳು. ಇಲ್ಲಿ ನಿಲ್ಲಿಸೋ ಹಾಗಿಲ್ಲ, ಆಂಬುಲೆನ್ಸ್ ಬರೋ ಜಾಗ, ಡ್ರೈವರ್ ಎಲ್ಲಿ? ಅವನು ಖಾಲಿ ಸ್ಟೀರಿಂಗ್ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. "ಒಳಗೆ ಹೋಗಿದಾರೆ. ಈಗ ಬರ್ತಾರೆ" ಎಂದ. ಅವಳು ಸ್ವಲ್ಪ ಹೊತ್ತು ಕಾದಳು ಕೂಡ. ಆಮೇಲೆ ಬರೆದು, ವೈಪರಿನಡಿ ಸಿಕ್ಕಿಸಿ ಹೋದಳು. ಕಾರನ್ನು ಮುಂದಕ್ಕೆ ತೆಗೆಯೋಣವೆಂದರೆ ಅವಳು ಬೀದಿಯ ಕೊನೆಯಲ್ಲೇ ಇದ್ದಳು; ತೆಗೆದರೆ ತಾನೇ ಡ್ರೈವರ್ ಎಂದು ಗೊತ್ತಾಗಿಬಿಡುತ್ತದೆ. ಹಾಗೇ ಕೂತ. ಎರಡಾಯಿತು. ಎರಡೂವರೆ. ಮೂರು ಗಂಟೆಗೆ ಮೇಲೆ ಹೋದಾಗ ಭಾವ ಆಪರೇಷನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಒಬ್ಬರೇ ಇದ್ದರು. "ಸೇತುವೆ ಹತ್ರ ಗಾಡಿಗಳು ನಿಂತುಬಿಟ್ಟಿದ್ವು ಭಾವ. ಒಂದು ಟ್ಯಾಂಕರು ಅಡ್ಡ ಬಿದ್ದು..." ಎಂದ. ಭಾವ ಅವನ ಬೆನ್ನು ಸವರಿ, "ಪಾಪ, ಊಟ ಆಯ್ತೋ ಇಲ್ವೋ ನಿಂದು" ಎಂದರು.

"ಮೇಷ್ಟ್ರೇ, ಹಸಿರು ಬಂತು. ಹೋಗ್ಲಾ?"

"ಹೋಗಿ. ಕನ್ನಡಿ ನೋಡಿ."

ಪರವಾನಗಿ ಕಚೇರಿಯ ಅಂಗಳದಲ್ಲಿ ನರ್ಸಮ್ಮ ತಮ್ಮ ಜೀವಮಾನದಲ್ಲೇ ನಿಲ್ಲಿಸಿರದಷ್ಟು ಚೆನ್ನಾಗಿ ಕಾರು ನಿಲ್ಲಿಸಿದರು. ಎರಡು ಬಿಳಿ ಗೆರೆಗಳ ನಡುವೆ, ಆಚೆ ಈಚೆ ಒಂದೊಂದು ಗೇಣು, ಅಳೆದು ಇಟ್ಟ ಹಾಗೆ. ಇಳಿದು ಎರಡೂ ಕಡೆ ನೋಡಿ, "ಇದನ್ನ ಯಾರಾದ್ರೂ ಫೋಟೋ ತೆಗೀಬೇಕಿತ್ತು" ಎಂದರು. ಗೆರೆಯ ಮುಂದೆ ಕಂಬಕ್ಕೆ, ಎರಡು ಗಂಟೆಗಿಂತ ಹೆಚ್ಚು ನಿಲ್ಲಿಸಬಾರದು ಎಂಬ ಫಲಕವಿತ್ತು. ಒಂದು ಗಂಟೆಗೆ ಐದು ನಿಮಿಷವಿತ್ತು. ಹೆಸರು ಬರೆಸಿ, ಊಟ ಮುಗಿಸಿ, ಮೂರಕ್ಕೆ ಮುಂಚೆ ಕಾರನ್ನು ಪರೀಕ್ಷೆಯ ಸಾಲಿಗೆ ತಂದರೆ ಆಯಿತು ಎಂದು ಅವನು ಲೆಕ್ಕ ಹಾಕಿದ.

ಕೌಂಟರಿನ ಹಿಂದಿದ್ದ ಗುಮಾಸ್ತೆ ಅವನಿಗೆ ಹತ್ತು ವರ್ಷದ ಪರಿಚಯ. ಮೂಗಿನ ತುದಿಯಲ್ಲಿ ಕನ್ನಡಕ, ಮೇಜಿನ ಮೇಲೆ ಮುಚ್ಚಳವಿದ್ದ ನೀರಿನ ಲೋಟ. ನರ್ಸಮ್ಮನ ಪಾಠದ ಪುಸ್ತಕವನ್ನು ತೆಗೆದುಕೊಂಡು ಹಾಳೆ ತಿರುವಿದರು. ಅಲ್ಲಿ ಒಂದೊಂದು ಗಂಟೆಯ ಪಾಠಕ್ಕೂ ಕಲಿತವರದ್ದೊಂದು, ಕಲಿಸಿದವನದ್ದೊಂದು ಸಹಿ. ಎರಡು ಸಲ ಬಿದ್ದವರು ಅಂಥ ಮೂವತ್ತು ಗಂಟೆ ಹೊಸದಾಗಿ ತುಂಬಿಸಿದರೆ ಮಾತ್ರ ಮೂರನೆಯ ಪರೀಕ್ಷೆಗೆ ಕೂರಿಸುತ್ತಾರೆ. ಅವನ ಸಹಿ ಮೂವತ್ತು ಕಡೆಯೂ ಒಂದೇ ಅಚ್ಚಿನಲ್ಲಿತ್ತು. ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

"ಮೇಷ್ಟ್ರೇ, ನಿಮ್ಮ ನಂಬರು ಇದೇ ಅಲ್ವಾ?"

"ಅದೇ."

"ತಡೆ ಹಿಡಿದಿದೆ ಅಂತ ಬರ್ತಿದೆ."

"ಏನನ್ನ?"

"ನಿಮ್ಮ ಲೈಸೆನ್ಸನ್ನ. ಪಕ್ಕದ ರಾಜ್ಯದವರು ನಮಗೆ ಬರೆದಿದಾರೆ. ಎರಡು ತಿಂಗಳಾಯ್ತು. ನಿಮಗೆ ಕಾಗದ ಬಂದಿರ್ಬೇಕಲ್ಲ?"

ಗುಮಾಸ್ತೆ ಬೆರಳಿನಿಂದ ಪುಸ್ತಕದ ತಾರೀಖುಗಳನ್ನು ಕೆಳಗಿನವರೆಗೆ ಸವರುತ್ತ ಹೋದರು, ಒಂದು ಕಡೆ ನಿಲ್ಲಿಸಿದರು. "ಇಲ್ಲಿಂದ ಈಚೆಗೆ ನೀವು ಹಾಕಿರೋ ಸಹಿ ಯಾವುದೂ ನಡೆಯಲ್ಲ. ಒಂಬತ್ತು ಗಂಟೆ ಪಾಠ ಮಾತ್ರ ಲೆಕ್ಕಕ್ಕೆ ಬರುತ್ತೆ. ಉಳಿದಿದ್ದು ಇವರು ಕಲಿತೇ ಇಲ್ಲ ಅಂತ ಆಗುತ್ತೆ." ಆಮೇಲೆ ದನಿ ತಗ್ಗಿಸಿ, "ಈಗ ಇವರು ಇಲ್ಲಿವರೆಗೆ ಓಡಿಸ್ಕೊಂಡು ಬಂದಿದ್ದನ್ನ ನಾನು ನೋಡಿಲ್ಲ" ಎಂದರು.

"ಕಲಿತೇ ಇಲ್ಲ ಅಂದ್ರೆ?" ಎಂದರು ನರ್ಸಮ್ಮ. "ಮತ್ತೆ ಆ ಕಾರನ್ನ ಅಲ್ಲಿ ನಿಲ್ಲಿಸಿದ್ದು ಯಾರು, ನಮ್ಮಜ್ಜಿನಾ? ಹೊರಗೆ ಬಂದು ನೋಡಿ."

ಅವನ ಕಾಲು ಕೌಂಟರಿನ ಕೆಳಗೆ ಇಲ್ಲದ ಬ್ರೇಕನ್ನು ಹುಡುಕುತ್ತಿತ್ತು. ಒಡೆಯದ ಮೂರನೆಯ ಲಕೋಟೆಯಲ್ಲಿ ಇದೇ ಇದ್ದಿರಬೇಕು. ಒಡೆದಿದ್ದರೆ ಇಪ್ಪತ್ತೊಂದು ಸಲ ಆ ಹೆಂಗಸಿನ ಊದಿದ ಕಾಲಿನಲ್ಲಿ ಕ್ಲಚ್ಚು ತುಳಿಸುತ್ತಿರಲಿಲ್ಲ. ಅವಳ ಇಪ್ಪತ್ತೊಂದು ಗಂಟೆಗಳು ತನ್ನ ಕಾರಿನ ಗೂಡಿನಲ್ಲಿ, ಒರೆಸುವ ಬಟ್ಟೆಯ ಕೆಳಗೆ ಮಡಚಿ ಬಿದ್ದಿದ್ದವು ಎಂದು ಅವನಿಗೆ ತೋರಿತು. ನರ್ಸಮ್ಮನ ಮುಖ ನೋಡಲಾಗದೆ ಲೋಟದ ಮುಚ್ಚಳವನ್ನು ನೋಡುತ್ತ ನಿಂತ. ಗುಮಾಸ್ತೆ ಪಕ್ಕದ ರಾಜ್ಯದಿಂದ ಬಂದ ಕಾಗದ ಓದುತ್ತಿದ್ದವರು ಇದ್ದಕ್ಕಿದ್ದಂತೆ ಹಿಗ್ಗಿದರು.

"ಅಯ್ಯೋ ಮೇಷ್ಟ್ರೇ, ಇಲ್ಲಿ ನೋಡಿ! 'ಪಕ್ಕದ ಸೀಟಿನಲ್ಲಿದ್ದ ವ್ಯಕ್ತಿ, ಚಾಲಕ ಆಸ್ಪತ್ರೆಯೊಳಗೆ ಹೋಗಿದ್ದಾರೆ ಎಂದು ತಿಳಿಸಿದರು.' ಓಡಿಸಿದೋರು ನೀವು ಅಲ್ಲವೇ ಅಲ್ಲ! ಗಾಡಿ ನಿಮ್ಮ ಹೆಸರಲ್ಲಿದೆ ಅಂತ ನಿಮ್ಮನ್ನ ಹಿಡಿದಿದಾರೆ ಅಷ್ಟೆ. ಓಡಿಸಿದೋರು ಒಂದು ಹಾಳೆ ಮೇಲೆ, ಆ ಹೊತ್ತಲ್ಲಿ ಗಾಡಿ ನನ್ನ ವಶದಲ್ಲಿತ್ತು ಅಂತ ಬರೆದು, ಸಹಿ ಹಾಕಿ, ಫೋನಲ್ಲೇ ಫೋಟೋ ಕಳಿಸ್ಲಿ. ಈ ತಡೆ ಮೊದಲ ದಿನದಿಂದಲೇ ನಿಮ್ಮ ಮೇಲಿಂದ ಎದ್ದುಹೋಗುತ್ತೆ. ಈಯಮ್ಮನ ಗಂಟೆಗಳೂ ಉಳ್ಕೊಳುತ್ತೆ. ಮೂರು ಗಂಟೆಯೊಳಗೆ ಬಂದ್ರೆ ಸಾಕು."

"ಯಾರು ಓಡಿಸಿದ್ದು ಅವತ್ತು?" ನರ್ಸಮ್ಮ ಅವನ ತೋಳು ಹಿಡಿದಿದ್ದರು. ಹಿಡಿದ ಬೆರಳು ನಾಡಿ ನೋಡುವ ಜಾಗದಲ್ಲಿತ್ತು.

"ನಮ್ಮ ಭಾವ" ಎಂದ.

ಮತ್ತೆ ಅದೇ, ಕಾಲು ಒತ್ತಿದ ಹಾಗೆ. ಆದರೆ ಈ ಸಲ ಸುಳ್ಳಿಗೆ ಒಂದು ಒಳ್ಳೆಯ ಮುಖವಿತ್ತು. ಭಾವ ಕಾರು ಓಡಿಸುವುದನ್ನು ಬಿಟ್ಟು ಎರಡು ವರ್ಷವಾಗಿತ್ತು, ಕಣ್ಣು ಸಾಲದು ಎಂದು. ಲೈಸೆನ್ಸು ಹೆಸರಿಗೆ ಉಳಿದಿತ್ತು. ತಡೆ ಅವರ ತಲೆಯ ಮೇಲೆ ಹೋಗಿ ಕೂತರೆ ಅವರಿಗೇನೂ ಭಾರವಿಲ್ಲ. ಇವಳಿಗೆ ಕೆಲಸ ಸಿಗುತ್ತದೆ, ಊದಿದ ಕಾಲಿಗೆ ಸೀಟು ಸಿಗುತ್ತದೆ. ನಾನು ಇದನ್ನು ನನಗಾಗಿ ಕೇಳುತ್ತಿಲ್ಲ ಎಂದು ಅವನು ಜೆರಾಕ್ಸ್ ಕೋಣೆಯ ಪಕ್ಕದ ಮೆಟ್ಟಿಲ ಕೆಳಗೆ ನಿಂತು ನಂಬರು ಒತ್ತುವಾಗ ಎರಡು ಸಲ ಅಂದುಕೊಂಡ. ಎರಡು ಸಲ ಯಾಕೆ ಅಂದುಕೊಳ್ಳಬೇಕಾಯಿತು ಎಂದು ಮೂರನೆಯ ಸಲ ಯೋಚಿಸುವಷ್ಟರಲ್ಲಿ ಫೋನು ಎತ್ತಿದವಳು ಅಕ್ಕ.

ಈಗಿನ ಅವಳ ದನಿ ಕಾಗದವನ್ನು ಕಾಗದಕ್ಕೆ ಉಜ್ಜಿದ ಹಾಗೆ. ಕೇಳಬೇಕಾದರೆ ಫೋನನ್ನು ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕಿವಿ ಮುಚ್ಚಿಕೊಳ್ಳಬೇಕು. ಅದಕ್ಕೇ ಅವನು ಫೋನು ಮಾಡುವುದನ್ನು ಕಡಿಮೆ ಮಾಡಿದ್ದ. ಕಡಿಮೆ ಮಾಡಿದ್ದು ಅದಕ್ಕಲ್ಲ ಎಂದೂ ಗೊತ್ತಿತ್ತು.

"ಯಾರು?"

"ನಾನು ಅಕ್ಕ."

"ಗೊತ್ತು, ಸುಮ್ನೆ ಕೇಳ್ದೆ. ಏನು, ಹಾಡುಹಗಲಲ್ಲಿ ನೆನಪಾಯ್ತು?"

"ಭಾವ ಇದಾರಾ?"

"ನನ್ ಹತ್ರ ಮಾತಾಡಿದ್ರೆ ದಂಡ ಹಾಕ್ತಾರಾ? ತೋಟಕ್ಕೆ ನೀರು ಬಿಡ್ತಿದಾರೆ. ಹೇಳು."

ಅವನು ಹೇಳಿದ. ಅರ್ಧ ಹೇಳಿದ. ಅವತ್ತು ಆಸ್ಪತ್ರೆಗೆ ಬಂದಾಗ ಆತುರದಲ್ಲಿ ಕಾರನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದ್ದು, ಚೀಟಿ ಹಾಕಿದ್ದು, ತಾನು ಮರೆತದ್ದು, ಈಗ ಒಬ್ಬ ಬಡಪಾಯಿ ನರ್ಸಮ್ಮನ ಪರೀಕ್ಷೆ ಅದಕ್ಕೆ ತೂಗಿಹಾಕಿಕೊಂಡಿರುವುದು, ಭಾವ ಓಡಿಸುತ್ತಿದ್ದರು ಎಂದು ಒಂದು ಸಾಲು ಬರೆದುಕೊಟ್ಟರೆ ಎಲ್ಲ ಸರಿಹೋಗುವುದು. ಹೇಳುತ್ತ ಹೇಳುತ್ತ ತನ್ನ ದನಿ ಜೋರಾಗುತ್ತಿದೆ, ಅವಳ ದನಿಯ ಪಾಲನ್ನೂ ತಾನೇ ತೆಗೆದುಕೊಳ್ಳುತ್ತಿದ್ದೇನೆ ಅನ್ನಿಸಿ ನಿಲ್ಲಿಸಿದ.

"ನೀನು ಪಕ್ಕದ ಸೀಟಲ್ಲಿ ಕೂತಿದ್ದೆ" ಎಂದಳು ಅಕ್ಕ.

ಅವನು ಅದನ್ನು ಹೇಳಿರಲಿಲ್ಲ.

"ವಾರ್ಡಿಗೆ ಕಿಟಕಿ ಇತ್ತಲ್ಲೋ. ಮೂರನೇ ಮಹಡಿ. ನಿನ್ ಕಾರಿನ ತಲೆ ಮೇಲೆ ಅಷ್ಟು ದೊಡ್ಡ ಬೋರ್ಡು, ಊರಿಗೆಲ್ಲ ಡ್ರೈವಿಂಗ್ ಕಲಿಸ್ತೀನಿ ಅಂತ. ಕಾಣದೆ ಇರುತ್ತಾ? ಮೊದಲು ಇಳಿದೆ. ಸದ್ಯ, ಬಂದ ಅಂದ್ಕೊಂಡೆ. ನೋಡಿದ್ರೆ ಸುತ್ಕೊಂಡು ಬಂದು ಆ ಕಡೆ ಕೂತೆ. ಯಾಕಪ್ಪಾ, ಇನ್ಯಾರಾದ್ರೂ ಓಡಿಸೋರು ಬರ್ತಾರಾ ಅಂತ ನಾನೂ ನೋಡ್ತಾ ಇದ್ದೆ. ಯಾರೂ ಬರ್ಲಿಲ್ಲ."

ಅವಳು ನಕ್ಕಳೇನೋ, ಕೆಮ್ಮಿದ ಹಾಗೆ ಕೇಳಿಸಿತು. ಮೆಟ್ಟಿಲ ಮೇಲೆ ಯಾರೋ ಹತ್ತಿಹೋದರು, ತಲೆಯ ಮೇಲೆ ಧೂಳು ಉದುರಿತು. ಅವನು ಗೋಡೆಗೆ ಹಣೆಯಿಟ್ಟ. ಗೋಡೆ ತಣ್ಣಗಿತ್ತು.

"ಯಾಕೆ ಹೇಳ್ಲಿಲ್ಲ ಅಕ್ಕ?"

"ನೀನು ಬಂದು ಟ್ಯಾಂಕರಿನ ಕತೆ ಹೇಳಿದ್ಯಂತೆ. ನಿಮ್ ಭಾವ ಅದನ್ನ ನಾಲ್ಕು ಜನಕ್ಕೆ ಹೇಳಿದ್ರು. ಇಷ್ಟು ಚೆನ್ನಾಗಿರೋ ಟ್ಯಾಂಕರನ್ನ ನಾನ್ಯಾಕೆ ಕೆಡಿಸ್ಲಿ?"

"ಸಿಟ್ಟು ಬರ್ಲಿಲ್ವಾ?"

"ಬರದೆ ಇರುತ್ತೇನೋ? ಒಳಗೆ ಕರ್ಕೊಂಡು ಹೋಗೋವರೆಗೂ ಬೈದೆ. ಬಾಯಿಬಿಟ್ಟೇ ಬೈದೆ, ಹೇಡಿ, ಮೂದೇವಿ, ನಿಂಗೆ ಓದಿ ಹೇಳಿದ್ದೆಲ್ಲ ದಂಡ ಅಂತ. ಹೇಗೂ ಆ ದನಿ ಅವತ್ತೇ ಖರ್ಚಾಗ್ಬೇಕಿತ್ತಲ್ಲ. ನಿಮ್ ಭಾವ ಪಾಪ, ಕಾಲು ತಣ್ಣಗಾಗಿದೆ ಅಂತ ನನ್ನ ಎರಡೂ ಪಾದ ಕೈಲಿ ಹಿಡ್ಕೊಂಡು ಕೂತಿದ್ರು. ಬೈಗುಳ ಎಲ್ಲ ತನಗೇ ಅಂದ್ಕೊಂಡು, ಒಂದು ಮಾತೂ ಆಡದೆ ಕೇಳಿಸ್ಕೊಂಡ್ರು." ಅವಳು ಉಸಿರು ತೆಗೆದುಕೊಂಡಳು. ಇಷ್ಟು ಉದ್ದ ಮಾತಾಡುವುದು ಅವಳಿಗೀಗ ಮಹಡಿ ಹತ್ತಿದ ಹಾಗೆ. "ಕರೀಲಾ ಅವರನ್ನ? ಬರೆದುಕೊಡ್ತಾರೆ. ಯಾಕೆ ಅಂತಲೂ ಕೇಳಲ್ಲ. ಹೇಳು, ಬರೆಸ್ಲಾ?"

ಭಾವ ಕನ್ನಡಕ ಹುಡುಕಿ, ಒದ್ದೆ ಕೈ ಒರೆಸಿಕೊಂಡು, ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆಯುವುದು ಅವನ ಕಣ್ಣಿಗೆ ಕಟ್ಟಿತು. ಒಂದು ಹತ್ತಕ್ಕೆ ಗಾಡಿ ನನ್ನ ವಶದಲ್ಲಿತ್ತು. ಒಂದು ಹತ್ತಕ್ಕೆ ಆ ಮನುಷ್ಯನ ವಶದಲ್ಲಿದ್ದದ್ದು ಎರಡು ತಣ್ಣನೆಯ ಪಾದಗಳು, ತನ್ನದಲ್ಲದ ಬೈಗುಳ. ಭಾವ ಸಹಿ ಹಾಕಿದರೆ ಕಾಗದದ ಮಟ್ಟಿಗಾದರೂ ಆ ಪಾದಗಳನ್ನು ಕೆಳಗಿಟ್ಟು, ಮೂರು ಮಹಡಿ ಇಳಿದು, ಬಂದು ಕಾರಿನ ಪಕ್ಕ ನಿಲ್ಲಬೇಕು. ಮೇಲೆ ಅಕ್ಕ ಒಬ್ಬಳೇ ಉಳಿಯುತ್ತಾಳೆ.

"ಬೇಡ" ಎಂದ.

"ಬೇಡ ಅಂದ್ರೆ ಆ ನರ್ಸಮ್ಮನ ಗತಿ?"

"ಗೊತ್ತಿಲ್ಲ ಅಕ್ಕ."

"ಗೊತ್ತಿಲ್ಲ ಅಂತ ಆಯಮ್ಮಂಗೇ ಹೇಳು. ನಂಗಲ್ಲ" ಎಂದಳು ಅಕ್ಕ. ಆಮೇಲೆ, "ಭಾನುವಾರ ಬಾ. ಬಸ್ಸಲ್ಲಿ ಬಾ" ಎಂದು ಇಟ್ಟಳು.

ಕೌಂಟರಿನಲ್ಲಿ ಒಂದು ನಮೂನೆಯ ಹಾಳೆ ಕೇಳಿ ಪಡೆದು, ಚಾಲಕನ ಹೆಸರು ಎಂಬಲ್ಲಿ ತನ್ನ ಹೆಸರು ಬರೆದ. ಷರಾ ಎಂಬಲ್ಲಿ, ಪಕ್ಕದ ಸೀಟಿನಲ್ಲಿದ್ದವನೂ ನಾನೇ ಎಂದು ಬರೆದ. ಸಹಿ ಹತ್ತೊಂಬತ್ತು ವರ್ಷದ ಅಚ್ಚಿನಿಂದ ಜಾರಿ ಬೇರೆ ಯಾರದೋ ಹಾಗೆ ಕಂಡಿತು. ಗುಮಾಸ್ತೆ ಓದಿ, ಕನ್ನಡಕದ ಮೇಲಿನಿಂದ ಅವನನ್ನು ನೋಡಿ, "ಏನ್ ಮೇಷ್ಟ್ರೇ, ಬಾಗಿಲು ತೆಗೆದುಕೊಟ್ರೆ ಗೋಡೆಗೆ ಹೋಗಿ ಗುದ್ದಿಕೊಂಡ್ರಲ್ಲ. ಇದು ಆ ಕಡೆಗೆ ಹೋಗಿ, ಅವರು ಒಪ್ಪಿ, ವಾಪಸು ಬರೋಕೆ ಒಂದು ತಿಂಗಳಾದ್ರೂ ಬೇಕು" ಎಂದರು. ಅಲ್ಲಿಯವರೆಗೆ ಓಡಿಸುವ ಹಾಗಿಲ್ಲ, ಕಲಿಸುವ ಹಾಗಿಲ್ಲ. ನರ್ಸಮ್ಮನ ಪುಸ್ತಕದ ಇಪ್ಪತ್ತೊಂದು ಸಾಲುಗಳ ಮೇಲೆ ಅಡ್ಡಗೆರೆ ಎಳೆದರು. ಸ್ಕೇಲು ಇಟ್ಟು, ನೀಟಾಗಿ ಎಳೆದರು. ನರ್ಸಮ್ಮ ಪುಸ್ತಕ ತೆಗೆದುಕೊಂಡು ಹೊರಗೆ ಬಂದು ಕಾರಿನ ಹತ್ತಿರ ನಿಂತರು.

"ಒಂದು ಸಹಿ. ಒಂದು ಸಹಿ ಹಾಕ್ಸೋಕಾಗ್ಲಿಲ್ವಾ ನಿಮ್ ಭಾವನ ಕೈಲಿ?"

"ಭಾವ ಓಡಿಸಿರ್ಲಿಲ್ಲ. ನಾನೇ ಓಡಿಸಿದ್ದು. ಸುಳ್ಳು ಹೇಳಿದ್ದೆ."

"ಇವತ್ತು ನಿಜ ಹೇಳ್ಬೇಕು ಅನ್ಸಿತಾ ನಿಮಗೆ? ಇವತ್ತೇನಾ? ಎರಡು ತಿಂಗಳು ಮುಂಚೆ ಅನ್ಸಿದ್ರೆ ನಾನು ಬೇರೆ ಮೇಷ್ಟ್ರ ಹತ್ರ ಹೋಗ್ತಿದ್ದೆ."

ಅವನು ನಡೆದದ್ದನ್ನು ಹೇಳಿದ. ಅಕ್ಕನ ದನಿ, ಬಾಗಿಲ ಹಿಡಿ, ಸುತ್ತಿಕೊಂಡು ಬಂದು ಕೂತದ್ದು, ಖಾಲಿ ಸ್ಟೀರಿಂಗ್. ಬಿಸಿಲಲ್ಲಿ ನಿಂತು, ಕಾರಿನ ಚಾವಣಿಯ ಮೇಲಿನ ಬೋರ್ಡನ್ನು ನೋಡುತ್ತ, ಪಾಠ ಒಪ್ಪಿಸುವವನ ಹಾಗೆ ಹೇಳಿದ. ಇದನ್ನು ಹೇಳಿ ಕರುಣೆ ಕೇಳುತ್ತಿದ್ದೇನೆಯೇ ಎಂದು ನಡುವೆ ಅನುಮಾನ ಬಂದು ತಡವರಿಸಿದ. ನರ್ಸಮ್ಮ ಬಾನೆಟ್ಟಿಗೆ ಸೊಂಟ ಆನಿಸಿ ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದರು.

"ಪ್ರತಿ ವಾರ್ಡಿಗೂ ಕೆಳಗೆ ಒಬ್ಬ ಇರ್ತಾನೆ" ಎಂದರು ಕೊನೆಗೆ. "ಗೇಟಿನ ಹತ್ರ, ಇಲ್ಲ ಔಷಧಿ ಅಂಗಡಿ ಹತ್ರ. ಮೇಲೆ ಬನ್ನಿ ಅಂದ್ರೆ, ಬಂದೆ ಬಂದೆ ಅಂತಾನೆ. ಇಪ್ಪತ್ತೈದು ವರ್ಷದಿಂದ ನೋಡ್ತಿದೀನಿ. ಕೆಲವ್ರು ಬರೋದೇ ಇಲ್ಲ. ನಾವೇ ಬಟ್ಟೆ, ಕನ್ನಡಕ ಎಲ್ಲ ಕಟ್ಟಿ ಕೆಳಗೆ ತಂದು ಕೊಡ್ತೀವಿ." ಚಪ್ಪಲಿ ಮತ್ತೆ ಹಾಕಿಕೊಂಡರು. "ನಿಮ್ಮ ಮೇಲೆ ಸಿಟ್ಟಿಲ್ಲ ಅಂತಲ್ಲ ಇದನ್ನ ಹೇಳಿದ್ದು. ಸಿಟ್ಟು ಇದ್ದೇ ಇದೆ. ಹೊಸ ಕೆಲಸದ ಮೇಲ್ವಿಚಾರಕಿಗೆ ಫೋನ್ ಮಾಡಿ ಒಂದು ತಿಂಗಳು ಕೊಡ್ತಾರಾ ಕೇಳ್ತೀನಿ. ಕೊಡದೆ ಇದ್ರೆ ನಿಮ್ಮನ್ನ ಏನು ಮಾಡ್ಬೇಕು ಅಂತ ಆಮೇಲೆ ಯೋಚಿಸ್ತೀನಿ." ಗೇಟಿನ ಕಡೆಗೆ, ಫೋನು ಸಿಗುವ ಕಡೆಗೆ, ಹೊರಟರು.

ಕಾರು ಅಲ್ಲೇ ಇತ್ತು, ಎರಡು ಗೆರೆಗಳ ನಡುವೆ, ಆಚೆ ಈಚೆ ಒಂದೊಂದು ಗೇಣು ಬಿಟ್ಟು. ಅದನ್ನು ಅಲ್ಲಿಂದ ತೆಗೆಯುವ ಹಕ್ಕು ಈಗ ಅವರಿಬ್ಬರಲ್ಲಿ ಯಾರಿಗೂ ಇರಲಿಲ್ಲ. ತನ್ನ ಕಾರಿಗೆ ಬೋರ್ಡು ಕೊಟ್ಟ ಡ್ರೈವಿಂಗ್ ಶಾಲೆಯ ಯಜಮಾನರಿಗೆ ಫೋನು ಮಾಡಿದ. ಬೈದರು, ಐದು ಗಂಟೆಗೆ ಬಂದು ತಗೊಂಡು ಹೋಗ್ತೀನಿ, ಅಲ್ಲಿವರೆಗೂ ಕಾಯ್ಕೊಂಡು ಬಿದ್ದಿರು ಎಂದರು. ಬಿಸಿಲು ತಾಳಲಾರದೆ ಬಾಗಿಲು ತೆಗೆದು ಕೂತ. ಕೂತಾದ ಮೇಲೆ ನೋಡಿದರೆ ಪಕ್ಕದ ಸೀಟಿನಲ್ಲೇ ಕೂತಿದ್ದ. ಪಾದವನ್ನು ಬ್ರೇಕಿನಿಂದ ತೆಗೆದು ಚಾಪೆಯ ಮೇಲಿಟ್ಟ. ಅಲ್ಲಿ ಅದಕ್ಕೆ ಏನು ಮಾಡಬೇಕೋ ತಿಳಿಯಲಿಲ್ಲ. ಗೂಡು ತೆಗೆದು, ಮೂರನೆಯ ಲಕೋಟೆಯನ್ನು ಒಡೆದು ಓದಿದ. ಗುಮಾಸ್ತೆ ಹೇಳಿದ್ದೇ ಇತ್ತು, ಹೆಚ್ಚು ಮರ್ಯಾದೆಯ ಮಾತಿನಲ್ಲಿ.

ಮೂರು ಹೊಡೆದು ಹತ್ತು ನಿಮಿಷಕ್ಕೆ ಯಾರೋ ಗಾಜು ತಟ್ಟಿದರು. ಅಂಗಳದ ಕಾವಲಿನವನು, ಕೈಯಲ್ಲಿ ರಶೀದಿ ಪುಸ್ತಕದಂಥದ್ದು. ಅವನು ಚಾವಣಿಯ ಬೋರ್ಡು ನೋಡಿದ, ಕಂಬದ ಫಲಕ ನೋಡಿದ, ಖಾಲಿ ಸ್ಟೀರಿಂಗ್ ನೋಡಿದ.

"ನಿಲ್ಲಿಸಿ ಎರಡು ಗಂಟೆ ದಾಟಿದೆ. ಡ್ರೈವರ್ ಎಲ್ಲಿ?"

ಒಳಗೆ ಹೋಗಿದಾರೆ, ಈಗ ಬರ್ತಾರೆ. ಮಾತು ನಾಲಿಗೆಯ ಮೇಲೆ ಸಿದ್ಧವಾಗಿ, ಬೆಚ್ಚಗೆ ಕೂತಿತ್ತು.

"ನಾನೇ" ಎಂದ.

"ನೀವು ಈ ಕಡೆ ಕೂತಿದೀರಿ."

"ಹೌದು. ಗಾಡಿ ನಂದು. ಜವಾಬ್ದಾರಿ ನಂದು."

"ಹಾಗಾದ್ರೆ ತೆಗೀರಿ ಸ್ವಾಮಿ."

"ತೆಗೆಯೋ ಹಾಗಿಲ್ಲ. ಲೈಸೆನ್ಸ್ ತಡೆ ಹಿಡಿದಿದಾರೆ."

ಕಾವಲಿನವನು ತನ್ನ ಜೀವನದಲ್ಲಿ ಇಂಥ ಉತ್ತರ ಕೇಳಿರಲಿಲ್ಲವೆಂದು ಮುಖದಲ್ಲೇ ಕಾಣುತ್ತಿತ್ತು. "ಬರೀಬೇಕಾಗುತ್ತೆ" ಎಂದ, ಬೆದರಿಸುವುದಕ್ಕಿಂತ ಹೆಚ್ಚಾಗಿ ಕ್ಷಮೆ ಕೇಳುವ ದನಿಯಲ್ಲಿ.

"ಬರೀರಿ. ಎಷ್ಟು ಹೊತ್ತಿಗೆ ಅಂತಲೂ ಬರೀರಿ" ಎಂದು ಹೆಸರು ಹೇಳಿದ.

ಬರೆದು ಹರಿದು, ಅಭ್ಯಾಸಬಲದಿಂದ ವೈಪರಿನ ಕಡೆಗೆ ಹೊರಟವನನ್ನು ಇವನು ತಡೆದು, ಗಾಜು ಪೂರ್ತಿ ಇಳಿಸಿ, ಕೈ ಹೊರಗೆ ಚಾಚಿದ. "ಕೈಗೇ ಕೊಡಿ."

ಚೀಟಿಯನ್ನು ಮೊದಲ ಸಾಲಿನಿಂದ ಓದತೊಡಗಿದ. ತಾರೀಖು, ಸಮಯ, ಜಾಗ. ಹೆಸರಿನ ಮುಂದೆ ಅವನ ಹೆಸರು. ಷರಾದ ಜಾಗ ಖಾಲಿಯಿತ್ತು. ತಲೆಯೆತ್ತಿದಾಗ ಅಂಗೈಯಗಲದ ಕನ್ನಡಿಯಲ್ಲಿ ಗೇಟಿನ ಕಡೆಯಿಂದ ನರ್ಸಮ್ಮ ಬರುತ್ತಿರುವುದು ಕಂಡಿತು. ಕಾಲಿನ ಊತಕ್ಕೆ ಸ್ವಲ್ಪ ವಾಲುತ್ತ, ಫೋನನ್ನು ಕೈಯಲ್ಲಿ ಹಿಡಿದು, ನಿಧಾನವಾಗಿ. ಆ ನಡಿಗೆಯಿಂದ ಉತ್ತರ ಏನು ಬಂತೆಂದು ಹೇಳುವಂತಿರಲಿಲ್ಲ. ಅವರು ಹತ್ತಿರ ಬರುವವರೆಗೆ ಕನ್ನಡಿಯಲ್ಲೇ ನೋಡುತ್ತ ಕೂರಬಹುದಿತ್ತು. ಅವನು ಬಾಗಿಲ ಹಿಡಿಯ ಮೇಲೆ ಕೈಯಿಟ್ಟ, ಬಾಗಿಲು ತೆಗೆದ, ಇಳಿದು ಎದುರಿಗೆ ನಡೆದ.